ಮರಳ ದಿಣ್ಣೆಯ ಮೇಲೊಂದು ಸಭಾ ಕಾರ್ಯಕ್ರಮ

ನಮ್ಮೂರಿನಲ್ಲಿ ಒಬ್ಬರು ಹೊಸ ಬಚ್ಚಲು ಕಟ್ಟಿಸಿದರೂ ಅದಕ್ಕೊಂದು ಸಭಾ ಕಾರ್ಯಕ್ರಮ ಬೇಕು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಶಾಲು, ಧನ್ಯವಾದ. ಮಣಿಪಾಲದಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿದ್ದಷ್ಟು ಕಾಲವೂ ಇದನ್ನು ಮುಂದಿನ ಸಾಲಿನಲ್ಲಿ ಕುಳಿತು ಸಹಿಸಿದ್ದೇನೆ. ನಿವೃತ್ತಿಯಾಗಿ, ಕಾಪುವಿನಿಂದ ಸ್ವಲ್ಪ ಉತ್ತರಕ್ಕೆ, ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರ ತಮ್ಮನ ಮನೆಯ ಪಕ್ಕದಲ್ಲೇ ಮನೆ ಮಾಡಿದೆ. ಇನ್ನಾದರೂ ಈ ಕಾಟ ತಪ್ಪಿತು ಅಂದುಕೊಂಡೆ. ಎಲ್ಲಿಯ ತಪ್ಪುವುದು!

ಅಳಿವೆಯ ಒಳಗೆ ಒಂದು ಮರಳ ದಿಣ್ಣೆ ಇದೆ. ನೀರು ಇಳಿದಾಗ ಪೂರ್ತಿ ಮೇಲೆ ಬರುತ್ತದೆ, ಏರಿದಾಗ ಮುಕ್ಕಾಲು ಮುಳುಗುತ್ತದೆ. ನೀರು ಇಳಿದ ಹೊತ್ತಿನಲ್ಲಿ ಅದು ಮರುವಾಯಿ ಹೆಕ್ಕುವ ಹೆಂಗಸರದ್ದು. ಬರಿಗಾಲಲ್ಲಿ ನಿಂತು, ಮರಳಿನೊಳಗಿನ ಆ ಚಿಪ್ಪುಮೀನುಗಳನ್ನು ಕೆದಕಿ ಬುಟ್ಟಿಗೆ ತುಂಬಿಸುತ್ತಾರೆ. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ದಿಣ್ಣೆ ನನ್ನ ತಮ್ಮನ ಮಗಳದ್ದು. ಅವಳು ರಾಮೇಶ್ವರದ ಕಡೆ ಹೋಗಿ ಕೈಟ್ ಬೋರ್ಡಿಂಗ್ ಕಲಿತು ಬಂದು, ಈಗ ಇಲ್ಲಿ ಕಲಿಸುತ್ತಾಳೆ. ಸೊಂಟಕ್ಕೆ ದೊಡ್ಡ ಗಾಳಿಪಟ ಕಟ್ಟಿಕೊಂಡು, ಕಾಲಿಗೆ ಹಲಗೆ ಸಿಕ್ಕಿಸಿಕೊಂಡು ನೀರಿನ ಮೇಲೆ ಓಡುವುದು. ಮೊದಲ ಸಲ ನೋಡಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಎರಡನೆಯ ಸಲ, ನನಗೇಕೆ ಅವಳ ಪ್ರಾಯದಲ್ಲಿ ಇದು ಸಿಗಲಿಲ್ಲ ಎಂದು ಹೊಟ್ಟೆಕಿಚ್ಚು ಬಂತು.

ಕಳೆದ ಮಳೆ ಮುಗಿದ ಮೇಲೆ ನಮ್ಮ ನೆರೆಮನೆಯಾಕೆ ಮರುವಾಯಿಗೆ ಇಳಿದವಳು ಒಡೆದ ಬಾಟ್ಲಿಯ ಮೇಲೆ ಕಾಲಿಟ್ಟಳು. ಪಾದ ಸೀಳಿತು, ಹೊಲಿಗೆ ಬಿತ್ತು. ಅವಳ ಮನೆ ನಡೆಯುವುದೇ ಆ ಬುಟ್ಟಿಯಿಂದ. ಊರಿನವರು ಗುರಿಕಾರರ ಅಂಗಳದಲ್ಲಿ ಸೇರಿದರು. ಗುರಿಕಾರರೆಂದರೆ ಮೀನುಗಾರ ಮನೆಗಳಿಗೆಲ್ಲ ಹಿರಿಯರು. "ಕೈಟಿನವರು ಬಂದ ಮೇಲೆಯೇ ದಿಣ್ಣೆಗೆ ಬಾಟ್ಲಿ ಬಂದದ್ದು" ಎಂದು ಯಾರೋ ಹೇಳಿದರು. ನಮ್ಮ ಹುಡುಗಿ ಎದ್ದು ನಿಂತು, "ನನ್ನ ಹತ್ರ ಕಲಿಯುವ ಮಕ್ಕಳು ಕುಡಿಯುವುದು ಬೊಂಡದ ಎಳನೀರು ಮಾತ್ರ" ಎಂದಳು. ಯಾರೂ ನಂಬಲಿಲ್ಲ. ನನಗೆ ಮೈಯೆಲ್ಲ ಉರಿಯಿತು, ಆದರೆ ಬ್ಯಾಂಡೇಜು ಸುತ್ತಿದ ಆ ಪಾದ ಎದುರಿಗೇ ಇರುವಾಗ ಬಾಯಿ ತೆರೆಯುವುದು ಹೇಗೆ?

ಕೊನೆಗೆ ಗುರಿಕಾರರೇ ಹೇಳಿದರು: "ದಿಣ್ಣೆ ಚೊಕ್ಕ ಮಾಡಿ ಕೊಡಿ. ಇವಳ ಕಾಲು ವಾಸಿಯಾದ ಮೇಲೆ ಬಂದು ನೋಡ್ತಾಳೆ. ಇವಳು ಆಯ್ತು ಅಂದ್ರೆ ಆಯ್ತು. ಇಲ್ಲದಿದ್ರೆ ಕೈಟ್ ಮಡಚಿ ಬೇರೆ ಜಾಗ ನೋಡಿಕೊಳ್ಳಿ."

ಬೇರೆ ಜಾಗ ಎಲ್ಲುಂಟು? ಉಳಿದ ಕಡೆಯೆಲ್ಲ ಬಂಡೆ, ಇಲ್ಲವೇ ದೋಣಿಗಳ ದಾರಿ. ಹುಡುಗಿ ಮನೆಗೆ ಬಂದು ನನ್ನ ಅಡುಗೆಮನೆಯ ಮೆಟ್ಟಿಲಲ್ಲಿ ಕುಳಿತು ಅತ್ತಳು. "ಅತ್ತೆ, ನನಗೆ ಬೇರೆ ಎಂತದೂ ಬರುವುದಿಲ್ಲ" ಎಂದಳು. "ಅಳುವುದಾದರೂ ಬರ್ತದಲ್ಲ, ಸಾಕು, ಏಳು" ಎಂದು ಗದರಿಸಿ ನಾನು ಫೋನು ಹಿಡಿದೆ.

ಆಮೇಲಿನದ್ದು ನನಗೆ ಸಲೀಸು. ಹಾಸ್ಟೆಲಿನಲ್ಲಿ ನನ್ನಿಂದ ದಿನಕ್ಕೆರಡು ಸಲ ಬೈಸಿಕೊಂಡವಳೊಬ್ಬಳು ಈಗ ನಿಟ್ಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಒಂದು ಬಸ್ಸು ತುಂಬ ವಿದ್ಯಾರ್ಥಿಗಳನ್ನು ಕರೆತರುತ್ತೇನೆ ಎಂದಳು. ಕಾರ್ಕಳದ ಗೆಳತಿ ಕಲ್ಲು ಕೆತ್ತುವವರ ದಪ್ಪ ಕೈಗವಸುಗಳನ್ನು ಕಳಿಸಿದಳು. ಉಚ್ಚಿಲದ ಬ್ಯಾರಿ ಸಾಹೇಬರ ಅಕ್ಕಿ ಅಂಗಡಿಯಿಂದ ಗೋಣಿಚೀಲ ಬಂತು. "ವಾಪಸ್ ಕೊಡುವುದು ಬೇಡ ಮಾರಾಯ್ರೇ, ಅದರಲ್ಲಿ ಎಂತ ತುಂಬಿಸ್ತೀರಿ ಅಂತ ನನಗೆ ಗೊತ್ತುಂಟು" ಎಂದು ನಕ್ಕರು. ಅಮಾವಾಸ್ಯೆಯ ಮರುದಿನ ಭಾನುವಾರ ಬಂತು. ಅಂದು ಬೆಳಿಗ್ಗೆ ನೀರು ಚೆನ್ನಾಗಿ ಇಳಿಯುತ್ತದೆ, ದಿಣ್ಣೆಯ ಕೆಳತುದಿಯವರೆಗೂ ಮರಳು ಕಾಣುತ್ತದೆ. ನೆರೆಮನೆಯಾಕೆಯ ಕಾಲು ಸೀಳಿದ್ದು ಆ ತುದಿಯಲ್ಲೇ. ಗಾಯ ಮಾಗಿತ್ತು, ಅಂದೇ ಸಂಜೆ ನೋಡಲು ಬರುತ್ತೇನೆ ಎಂದು ಹೇಳಿ ಕಳಿಸಿದ್ದಳು.

ಎಲ್ಲ ಸರಿಯಾಗಿತ್ತು, ನನ್ನ ತಮ್ಮ ಬಾಯಿ ಹಾಕುವವರೆಗೆ. ಕುವೈತಿನಿಂದ ಬಂದ ಮೇಲೆ ಅವನು ಊರಿನ ಎಲ್ಲ ಸಂಘಗಳಿಗೂ ಗೌರವಾಧ್ಯಕ್ಷ. "ಅಕ್ಕ, ಸುಮ್ಮನೆ ಗುಡಿಸಿ ಬಂದ್ರೆ ಯಾರಿಗೆ ಗೊತ್ತಾಗ್ತದೆ? ಸಣ್ಣ ಒಂದು ಸಭೆ ಮಾಡುವ. ಹತ್ತು ನಿಮಿಷ" ಎಂದ. ಮಗಳಿಗಾಗಿ ಏನಾದರೂ ಮಾಡಬೇಕೆಂದು ಅವನಿಗೂ ಆಸೆ, ಗೊತ್ತಿದ್ದದ್ದು ಅದೊಂದೇ. ಆಗಲಿ ಎಂದೆ.

ಭಾನುವಾರ ಹೋಗಿ ನೋಡಿದರೆ ದಿಣ್ಣೆಯ ನಟ್ಟನಡುವೆ ಶಾಮಿಯಾನ! ಪ್ಲಾಸ್ಟಿಕ್ ಕುರ್ಚಿಗಳು, ಬ್ಯಾಟರಿಯ ಮೈಕು, ಅದರ ಹಿಂದೆ 'ಪ್ಲಾಸ್ಟಿಕ್ ತ್ಯಜಿಸಿ' ಎಂಬ ಫ್ಲೆಕ್ಸು. ಎಲ್ಲವನ್ನೂ ಬೆಳಕು ಹರಿಯುವ ಮೊದಲೇ ದೋಣಿಯಲ್ಲಿ ಸಾಗಿಸಿದ್ದಾನೆ. ನನ್ನ ಮುಖ ನೋಡಿದವನೇ, "ಹತ್ತೇ ನಿಮಿಷ ಅಕ್ಕ" ಎಂದು ಆಚೆ ಜಾರಿದ.

ದೀಪ ಹಚ್ಚಲಿಕ್ಕೇ ಅಷ್ಟು ಹೊತ್ತು ಹೋಯಿತು. ಅದು ಗಾಳಿಯ ಜಾಗ ಎಂದೇ ಅಲ್ಲವೇ ಹುಡುಗಿ ಅದನ್ನು ಆರಿಸಿದ್ದು! ಬೆಂಕಿಕಡ್ಡಿ ಗೀರಿದ ಹಾಗೆ ಆರುತ್ತಿತ್ತು. ಕೊನೆಗೆ ಅವಳ ಶಿಷ್ಯರು ನಾಲ್ವರು ಒಂದು ಕೈಟನ್ನೇ ಬಿಚ್ಚಿ ಗೋಡೆಯ ಹಾಗೆ ಹಿಡಿದರು. ಒಂದು ಬತ್ತಿ ಉರಿಯಿತು. ಚಪ್ಪಾಳೆ. ಅತಿಥಿಗಳಿಗೆ ಹೂಗುಚ್ಛ ಕೊಟ್ಟರು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು. ಮನೆಯಲ್ಲಿ ತುಳುವಿನಲ್ಲಿ ನೆಟ್ಟಗೆ ಮಾತಾಡುವ ತಮ್ಮ ಮೈಕು ಸಿಕ್ಕಿದ್ದೇ ತಡ, "ಈ ಶುಭ ಸಂದರ್ಭದಲ್ಲಿ ತಮ್ಮೆಲ್ಲರನ್ನೂ ಹೃತ್ಪೂರ್ವಕವಾಗಿ" ಎಂದು ಪುಸ್ತಕದ ಕನ್ನಡಕ್ಕೆ ಏರಿದ. ಮುಖ್ಯ ಅತಿಥಿ ಸಂತೆಕಟ್ಟೆಯ ಹಾರ್ಡ್‌ವೇರ್ ಅಂಗಡಿಯವರು, ಒಳ್ಳೆಯ ಮನುಷ್ಯ. ಆದರೆ ಅವರು ಪರಿಸರವನ್ನು ಪಂಚಭೂತಗಳಿಂದ ಶುರು ಮಾಡಿದರು.

ಅವರು ಭೂಮಿ ಮುಗಿಸಿ ನೀರಿಗೆ ಬರುವಷ್ಟರಲ್ಲಿ ನೀರೇ ಬಂತು. ಹಿಂದಿನ ಸಾಲಿನ ಹುಡುಗರು ಕಾಲು ಮೇಲಕ್ಕೆತ್ತಿ ಕುಳಿತರು. ಯಾರದ್ದೋ ಚಪ್ಪಲಿ ತೇಲುತ್ತಾ ವೇದಿಕೆಯ ಕಡೆ ಹೊರಟಿತು. ಹುಡುಗಿ ಕೆಳತುದಿಯನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಹೋಗಿ ಮೈಕು ಕಿತ್ತುಕೊಂಡೆ.

"ಧನ್ಯವಾದ ಆಯ್ತು! ಎಲ್ಲರೂ ಏಳಿ, ಚೀಲ ತೆಕ್ಕೊಳ್ಳಿ!"

ಹಾಸ್ಟೆಲಿನಲ್ಲಿ ಮೂರನೇ ಮಹಡಿಗೆ ಕೇಳಿಸುತ್ತಿದ್ದ ಸ್ವರ ಅದು. ಎಲ್ಲರಿಗಿಂತ ಮೊದಲು ಎದ್ದವರು ಮುಖ್ಯ ಅತಿಥಿಗಳು. "ನಾನು ಆಗಿನಿಂದ ಯಾರು ನಿಲ್ಲಿಸ್ತಾರೆ ಅಂತ ಕಾಯ್ತಾ ಇದ್ದೆ" ಎಂದು ಪಂಚೆ ಎತ್ತಿ ಕಟ್ಟಿ ಚೀಲ ಹಿಡಿದೇ ಬಿಟ್ಟರು.

ಕೆಲಸವೇನೋ ಭರದಿಂದಲೇ ಸಾಗಿತು. ಹರಿದ ಬಲೆ, ಒಂಟಿ ಚಪ್ಪಲಿಗಳು, ಗುಟ್ಕಾ ಚೀಟಿ, ಮದುವೆಯೂಟದ ತಟ್ಟೆ, ಹರಕೆಯ ಹೂ ತುಂಬಿದ ಪ್ಲಾಸ್ಟಿಕ್ ತೊಟ್ಟೆ, ಒಂದಿಷ್ಟು ಕೈಟಿನ ಹಗ್ಗವೂ ಸಿಕ್ಕಿತು. ಹುಡುಗಿ ಆ ಹಗ್ಗವನ್ನು ಯಾರಿಗೂ ಕೊಡದೆ ತಾನೇ ಚೀಲಕ್ಕೆ ಹಾಕಿದಳು. ಆದರೆ ಅರ್ಧ ಜನ ಕುರ್ಚಿ, ಶಾಮಿಯಾನ ದಡಕ್ಕೆ ಸಾಗಿಸುವುದರಲ್ಲೇ ಉಳಿದರು. ನಾವು ಕೆಳತುದಿಗೆ ತಲುಪುವಾಗ ಅಲ್ಲಿ ಮೊಣಕಾಲಿನಷ್ಟು ನೀರು. ಬಾಟ್ಲಿ ಚೂರುಗಳೆಲ್ಲ ಅದರ ಅಡಿಯಲ್ಲಿ.

ದಡದಲ್ಲಿ ತಮ್ಮ ಫ್ಲೆಕ್ಸು ಸುತ್ತುತ್ತಾ, "ಅಕ್ಕ, ನಾನು ಹಾಳು ಮಾಡಿದೆ ಅಲ್ವಾ?" ಎಂದು ಕೇಳಿದ.

"ಹೌದು" ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡುವ ಅಭ್ಯಾಸ ನನಗಿಲ್ಲ.

ಅವನು ಹೋಗಿ, ಮನೆಯ ಗೋಡೆಗೆ ಸಾರಣೆ ಮಾಡಿಸುವಾಗ ತಂದಿಟ್ಟಿದ್ದ ಮರಳು ಜರಡಿಗಳನ್ನು ಹೊತ್ತು ಬಂದ. "ಸಂಜೆ ಪುನಃ ನೀರು ಇಳಿಯುತ್ತದಲ್ಲ, ಇದರಲ್ಲಿ ಜಾಲಿಸುವ" ಎಂದ. ಅವನ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ಅಲ್ಲೇ ಇಳಿಯಿತು. ನಿಟ್ಟೆಯ ಮಕ್ಕಳನ್ನು ಬಸ್ಸು ಹತ್ತಿ ಎಂದರೆ ಹತ್ತಲಿಲ್ಲ. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ ಮಾಡಿ ಹಾಕಿದೆ. ಅನ್ನ ಎರಡು ಸಲ ಬೇಯಿಸಬೇಕಾಯಿತು. ನನ್ನ ಅಂಗಳ ಇಡೀ ಮಕ್ಕಳು ಮಲಗಿ ಗೊರಕೆ ಹೊಡೆಯುವುದನ್ನು ನೋಡಿ, ನಿವೃತ್ತಿಯಾಗಿ ಎಂತ ಸುಖ ಕಂಡೆ ಎಂದು ಒಳಗೊಳಗೇ ನಗು ಬಂತು. ನಿಜ ಹೇಳುತ್ತೇನೆ, ಬಹಳ ಖುಷಿಯಾಗಿತ್ತು.

ಸಂಜೆ ಕೆಳತುದಿ ಮೇಲೆ ಬರುತ್ತಲೇ ಇಳಿದೆವು. ಮರಳನ್ನು ಜರಡಿಗೆ ತುಂಬಿಸಿ ನೀರಿನಲ್ಲಿ ಅದ್ದಿ ಅಲುಗಿಸುವುದು. ಮರಳು ಇಳಿದು ಹೋಗುತ್ತದೆ, ಚಿಪ್ಪು ಮತ್ತು ಗಾಜು ಉಳಿಯುತ್ತವೆ. ಗಾಜು ಚೀಲಕ್ಕೆ, ಚಿಪ್ಪು ವಾಪಸ್ ಮರಳಿಗೆ. ತಮ್ಮ ಸಭೆಯ ಬಿಳಿ ಅಂಗಿಯಲ್ಲೇ ಮಂಡಿಯೂರಿದ್ದ. ಅವನ ಜರಡಿಯಲ್ಲಿ ಕಂದು ಬಣ್ಣದ ಬಾಟ್ಲಿಯ ಕುತ್ತಿಗೆಯೊಂದು ಬಂದಾಗ ಎತ್ತಿ ನೋಡಿ ಚೀಲಕ್ಕೆ ಹಾಕಿದ. ಯಾರು ಕುಡಿದು ಎಸೆದದ್ದೋ, ಅದು ಇವತ್ತಿಗೂ ಗೊತ್ತಿಲ್ಲ.

ಬಿಸಿಲು ಹೋಗುವ ಹೊತ್ತಿಗೆ ನೆರೆಮನೆಯಾಕೆ ಬಂದಳು. ಜೊತೆಗೆ ಇನ್ನಿಬ್ಬರು ಹೆಂಗಸರು, ಎಲ್ಲರ ಕೈಯಲ್ಲೂ ಬುಟ್ಟಿ. ನಾವೆಲ್ಲ ಎದ್ದು ನಿಂತೆವು, ಪರೀಕ್ಷೆಯ ಕೋಣೆಗೆ ಮೇಲ್ವಿಚಾರಕರು ಬಂದ ಹಾಗೆ. ಹುಡುಗಿ ನನ್ನ ಕೈ ಹಿಡಿದಳು. ನೆರೆಮನೆಯಾಕೆ ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಕೆಳತುದಿಯವರೆಗೆ ಮೆಲ್ಲಗೆ ನಡೆದಳು, ತಿರುಗಿ ಬಂದಳು. ಒಳ್ಳೆಯದಾಯಿತು ಎಂದಾಗಲಿ, ಸಾಲದು ಎಂದಾಗಲಿ ಇಲ್ಲ. ನನಗೆ ಬೈಗುಳ ನಾಲಗೆಯ ತುದಿಗೆ ಬಂದಿತ್ತು, ಕಷ್ಟಪಟ್ಟು ನುಂಗಿಕೊಂಡೆ. ಆಕೆ ಸೀರೆ ಎತ್ತಿ ಕಟ್ಟಿ, ಅಲ್ಲೇ ಬಗ್ಗಿ ಮರಳಿಗೆ ಕೈ ಹಾಕಿದಳು. ಉಳಿದ ಇಬ್ಬರೂ ಬಗ್ಗಿದರು. ಮರುವಾಯಿಗಳು ಬುಟ್ಟಿಗೆ ಬೀಳುವ ಸದ್ದು ಕೇಳಿಸತೊಡಗಿತು.

"ಹಾಗಾದ್ರೆ..." ಎಂದು ತಮ್ಮ ಬಾಯಿ ತೆರೆದ. ಅವನ ತೋಳು ಚಿವುಟಿದೆ.

ಬುಟ್ಟಿ ಅರ್ಧ ತುಂಬಿದ ಮೇಲೆ ಆಕೆ ತಲೆಯೆತ್ತದೆಯೇ ಹುಡುಗಿಯನ್ನು ಕರೆದಳು. "ಮಗಾ, ಈ ಬದಿಯಲ್ಲಿ ಪೂರಾ ಮರಿ ಮರುವಾಯಿ ಉಂಟು. ನಾಳೆ ನಿನ್ನ ಮಕ್ಕಳಿಗೆ ಹೇಳು, ಕೈಟ್ ಮೇಲಿನ ಬದಿಯಲ್ಲೇ ಇಳಿಸ್ಲಿಕ್ಕೆ."

ಹುಡುಗಿ ಜೋರಾಗಿ ತಲೆಯಾಡಿಸಿದಳು. ನನ್ನ ಕಣ್ಣಲ್ಲಿ ನೀರು ಬಂತು, ಅಷ್ಟು ಜನರ ಎದುರಿಗೇ, ನಾಚಿಕೆಯೂ ಆಗಲಿಲ್ಲ. ನಾಳೆ ಎಂದಳು, ಕೇಳಿದಿರಲ್ಲ? ನಾಳೆ.