ಮಾಳಿಗೆಗೆ ಹತ್ತು ವರ್ಷದ ವಾರಂಟಿ

ಗೆಳೆಯರೇ, ನಿಮ್ಮಲ್ಲಿ ಯಾರಾದರೂ ಸೋರುವ ಮಾಳಿಗೆಗೆ ವಾರಂಟಿ ಕೊಂಡಿದ್ದರೆ ದಯವಿಟ್ಟು ಹೇಳಿ, ಬೇಸಿಗೆಯಲ್ಲಿ ನೀವು ಎಲ್ಲಿ ಮಲಗುತ್ತೀರಿ?

ಇವತ್ತು ಬೆಳಿಗ್ಗೆ ನಮ್ಮ ಕುಸನೂರ ಮನೆಗೆ ವಾಟರ್‌ಪ್ರೂಫಿಂಗ್ ಕಂಪನಿಯ ಏಜೆಂಟ್ ಬಂದಿದ್ದ. ಮಾಳಿಗೆ ಸೋರದಂತೆ ಬಣ್ಣ ಬಳಿಯಲು ಒಂದು ದರ, ಜೊತೆಗೆ ಹತ್ತು ವರ್ಷದ ವಾರಂಟಿ ಬೇಕಾದರೆ ಇನ್ನಷ್ಟು. ಕಳೆದ ಮಳೆಗಾಲದಲ್ಲಿ ಮನೆಯೊಳಗೆ ಟೀವಿಗೆ ಕೊಡೆ ಹಿಡಿದವನು ನಾನು. ಸಹಿ ಹಾಕಲು ಪೆನ್ನು ತೆಗೆದೇಬಿಟ್ಟಿದ್ದೆ. ವಾರಂಟಿಯ ಷರತ್ತುಗಳನ್ನು ಓದಿದ್ದು ಆಮೇಲೆ. ಮಾಳಿಗೆಯ ಮೇಲೆ ಮಂಚ ಹಾಕಬಾರದು, ಮಲಗಬಾರದು, ಏನನ್ನೂ ಒಣಗಿಸಬಾರದು, ಭಾರದ ವಸ್ತು ಇಡಬಾರದು.

“ಕಲಬುರಗಿ ಬ್ಯಾಸಿಗ್ಯಾಗ ಒಳಗ ಮಕ್ಕೊಂಡ್ರ ಬೆಂದು ಹೋಗ್ತೀವಲ್ರಿ,” ಎಂದೆ.

“ಕಂಪನಿ ರೂಲ್ ಅದ ರೀ ಸರ್. ನಾ ಏನ್ ಮಾಡ್ಲಿ.”

ಅಲ್ಲೇ ಕೂತು ಮೆಣಸಿನಕಾಯಿ ಆರಿಸುತ್ತಿದ್ದ ಅವ್ವ ತಲೆ ಎತ್ತಿದಳು. “ನಿಂದ್ ಯಾವೂರಪಾ?”

“ಕಮಲಾಪುರ್ರಿ ಅಮ್ಮಾ. ನಮ್ಮ ಮಾಳಿಗಿಗೂ ಇದೇ ಬಣ್ಣ ಹಚ್ಚೀನ್ರಿ. ಮೂರು ಮಳಿಗಾಲ ಆತು, ಒಂದು ಹನಿ ಸೋರಿಲ್ಲ.”

“ಬ್ಯಾಸಿಗ್ಯಾಗ ಎಲ್ಲಿ ಮಕ್ಕೋತಿ?”

“ಎಲ್ಲಾರೂ ಮಾಳಿಗಿ ಮ್ಯಾಲೇ ಮಕ್ಕೋತೀವ್ರಿ.”

“ಮತ್ತ ವಾರಂಟಿ?”

ಅವನು ಬ್ಯಾಗಿನ ಜಿಪ್ ಎಳೆದ. “ನಾ ತಗೊಂಡಿಲ್ರಿ.”

ಬಣ್ಣ ಸಾಕು, ವಾರಂಟಿ ಬೇಡ ಎಂದು ಕಳಿಸಿದೆ. ಅವನು ಬಿಟ್ಟುಹೋದ ಷರತ್ತುಗಳ ಹಾಳೆಗಳು ಈಗ ಮಾಳಿಗೆಯ ಮೇಲಿವೆ. ಅವ್ವ ಅವುಗಳ ಮೇಲೆ ಮೆಣಸಿನಕಾಯಿ ಒಣಹಾಕಿ, ಹಾರಿಹೋಗದಿರಲೆಂದು ಮೂಲೆಮೂಲೆಗೂ ಕಲ್ಲು ಹೇರಿದ್ದಾಳೆ.