ಜ್ಯೂಸ್ ಅಂಗಡಿಯ ‘ಹೌ ಅಬೌಟ್’

ಸುಳ್ಯ ಬಸ್‌ಸ್ಟ್ಯಾಂಡಿನ ಎದುರು ಜ್ಯೂಸ್ ಅಂಗಡಿ ಇಟ್ಟಿದ್ದ ಕಾಕ, ನಾವು ಕೇಳಿದ್ದನ್ನು ಕೊಟ್ಟವರೇ ಅಲ್ಲ. ಗಲ್ಫಿನ ಹೋಟೆಲಿನಲ್ಲಿ ದುಡಿದು ಬಂದವರು. ಮಿಕ್ಸಿಯ ಮುಚ್ಚಳ ಅಂಗೈಯಲ್ಲಿ ಒತ್ತಿಕೊಂಡೇ ಗಿರಾಕಿಯ ಮುಖ ನೋಡಿ ತಾವೇ ತೀರ್ಮಾನಿಸುತ್ತಿದ್ದರು. ಬೆವರಿ ಬಂದವನಿಗೆ, “ಹೌ ಅಬೌಟ್ ಪುನರ್ಪುಳಿ ಶರಬತ್ತು?” ಪರೀಕ್ಷೆಯಲ್ಲಿ ಫೇಲಾದವನಿಗೆ, “ಹೌ ಅಬೌಟ್ ಗಡ್‌ಬಡ್ ಐಸ್‌ಕ್ರೀಮ್?” ರಾಜಕೀಯ ಮಾತಾಡಿ ಮೇಜು ಗುದ್ದಿದವನಿಗೆ, “ಹೌ ಅಬೌಟ್ ಮನೆಗೆ ಹೋಗುದು?”

ಎದುರು ಮೇಜಿನ ಹುಡುಗಿಯನ್ನು ನಾನು ಆರು ತಿಂಗಳು ಕದ್ದು ನೋಡಿದ್ದೇ ಬಂತು. ಒಂದು ದಿನ ಕಾಕ ಅವಳ ಶರಬತ್ತನ್ನು ನನ್ನ ಮೇಜಿನ ಮೇಲಿಟ್ಟು, “ಹೌ ಅಬೌಟ್ ಇಲ್ಲಿ ಕೂರುದು?” ಎಂದರು. ಅವಳು ಬಂದು ಕೂತಳು. ಮತ್ತೆ ದಿನಾ ಅಲ್ಲೇ ಕೂತಳು.

ಹಾಗೇ ಒಂದು ಸಂಜೆ ಸ್ಟ್ರಾ ತಿರುಗಿಸುತ್ತಾ, “ಆದಿತ್ಯವಾರ ನನ್ನನ್ನು ನೋಡ್ಲಿಕ್ಕೆ ಹುಡುಗ ಬರ್ತಾನಂತೆ” ಎಂದಳು. ನನ್ನ ಕನ್ನಡ, ತುಳು, ಅರೆಭಾಷೆ ಎಲ್ಲವೂ ಒಟ್ಟಿಗೇ ಕೈಕೊಟ್ಟವು. ಬಾಯಿಗೆ ಬಂದದ್ದು ಕಾಕನ ಮಾತು.

“ಹೌ ಅಬೌಟ್... ನಾನು?”

ಅವಳು ನಕ್ಕ ರಭಸಕ್ಕೆ ಶರಬತ್ತು ಮೂಗಿಗೇರಿತು. ಕೆಮ್ಮಿ, ಕಣ್ಣೊರೆಸಿಕೊಂಡು, “ಹೌ ಅಬೌಟ್ ನನ್ನ ಅಪ್ಪನತ್ರ ಕೇಳುದು?” ಎಂದಳು.

ಮಿಕ್ಸಿ ಗಕ್ಕನೆ ನಿಂತಿತು.

“ಅಪ್ಪನತ್ರ ಮಾತ್ರ ಈ ಇಂಗ್ಲಿಷ್ ಬೇಡ ಮಾರಾಯ!” ಎಂದು ಕಾಕ ಕೂಗಿದರು.