ಅಪ್ಪನ ಪಟ, ಅಕ್ಕನ ಒಬ್ಬಟ್ಟು

ನಾನು ಚಿಕ್ಕವನಿದ್ದಾಗ ಒಬ್ಬಟ್ಟು ದುಡ್ಡು ಕೊಟ್ಟರೆ ಸಿಗುವ ತಿಂಡಿಯಾಗಿರಲಿಲ್ಲ. ಯುಗಾದಿಗೆ ಮಾಡುತ್ತಿದ್ದರು, ಬೀಗರು ಬಂದರೆ ಮಾಡುತ್ತಿದ್ದರು. ಮಿಕ್ಕ ದಿನ ಅದರ ಮಾತೆತ್ತಿದರೆ ಅವ್ವ ಮುದ್ದೆಯ ತಟ್ಟೆಯನ್ನು ಮುಂದಕ್ಕೆ ತಳ್ಳಿ ಸುಮ್ಮನೆ ಉಣ್ಣು ಎಂದು ಗದರುತ್ತಿದ್ದಳು. ಈಗ ನೋಡಿ ಮಕ್ಕಳೇ, ಪಾಂಡವಪುರದಲ್ಲಿ ನಮ್ಮ ಒಬ್ಬಟ್ಟಿನ ಹೋಟೆಲು, ಶ್ರೀರಂಗಪಟ್ಟಣದ ಗಂಜಾಂನಲ್ಲಿ ಒಂದು, ನಾಗಮಂಗಲದಲ್ಲಿ ಒಂದು, ಹೋದ ತಿಂಗಳಿನಿಂದ ಕೆ.ಆರ್. ಪೇಟೆಯಲ್ಲೂ ಒಂದು. ನಾಲ್ಕು ಕಡೆಗೂ ನಿಮ್ಮಪ್ಪ ಹೊಸ ಬೋರ್ಡು ಹಾಕಿಸಿದ್ದಾನೆ, ಒಳಗಿನಿಂದ ಟ್ಯೂಬ್‌ಲೈಟು ಉರಿಯುವಂಥದ್ದು. ಅದರಲ್ಲಿ ರುಮಾಲು ಸುತ್ತಿದ ನಮ್ಮ ಅಪ್ಪನ ಪಟ. ಕೆಳಗೆ 'ಸಂಸ್ಥಾಪಕರು' ಎಂದು ಅವನ ಹೆಸರು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಾಕೆ ಅಂತ ಹೇಳುತ್ತೇನೆ, ಕೇಳಿ. ನಿಮ್ಮಪ್ಪನೂ ಬೇಕಾದರೆ ಬಂದು ಕೇಳಲಿ.

ನಮ್ಮೂರು ಚಿನಕುರಳಿ. ಪಾಂಡವಪುರಕ್ಕೆ ಆಗ ಹಿರೋಡೆ ಎನ್ನುತ್ತಿದ್ದರು. ಅಪ್ಪ ಆಲೆಮನೆಯ ಬೆಲ್ಲವನ್ನು ಗಾಡಿಗೆ ಹೇರಿಕೊಂಡು ಹಿರೋಡೆ ಸಂತೆಗೆ ಹೋಗುತ್ತಿದ್ದ. ಒಂದು ಸಲ ಹೋದವನು ಮುಖ ಊದಿಸಿಕೊಂಡು ಬಂದ. ಪೇಟೆಯ ಹೋಟೆಲಿನಲ್ಲಿ ಕಾಫಿ ಕೇಳಿದರೆ ಒಳಗೆ ಕೂರಬೇಡ, ಜಗುಲಿ ಮೇಲೆ ಕುಡಿ, ಕುಡಿದ ಲೋಟ ತೊಳೆದಿಟ್ಟು ಹೋಗು ಅಂದರಂತೆ. ಅವರ ಮೈಸೂರುಪಾಕಿಗೆ ಬೇಕಾದ ಕಡಲೆ ಬೆಳೆದವರು ನಾವು, ಹಾಲು ಕರೆದವರು ನಾವು, ಬೆಂಚಿನ ಮೇಲೆ ಕೂತರೆ ಮಾತ್ರ ಅವರ ಹೋಟೆಲು ಮೈಲಿಗೆ! ಇವತ್ತಿಗೂ ಅದನ್ನು ನೆನೆಸಿಕೊಂಡರೆ ನನ್ನ ಪಿತ್ತ ನೆತ್ತಿಗೇರುತ್ತದೆ.

ನೀವು ನಾಗಮಂಗಲದಜ್ಜಿ ಎನ್ನುತ್ತೀರಲ್ಲ, ಅವಳೇ ನನ್ನ ಅಕ್ಕ. ಆಗಿನ್ನೂ ಹದಿನಾರರ ಹುಡುಗಿ. ಕೊಟ್ಟಿಗೆಯ ಕಸ ಗುಡಿಸುತ್ತಿದ್ದವಳು ಪೊರಕೆ ಎಸೆದು ಬಂದಳು.

"ಅವ್ರ ಜಗ್ಲಿ ನಮ್ಗ್ಯಾಕಪ್ಪ? ಸಂತೇಲಿ ನಾವೇ ಒಲೆ ಹೂಡನ. ನಾನ್ ಒಬ್ಬಟ್ಟು ತಟ್ತೀನಿ. ಬಂದೋರ್‍ನೆಲ್ಲ ಕೂರ್‍ಸಿ ಇಕ್ಕನ" ಅಂದಳು.

ಅಪ್ಪನಿಗೆ ಆಸೆಯಾಯಿತು, ಜೊತೆಗೆ ಭಯವೂ ಆಯಿತು. ಅನ್ನ ಮಾರುವುದು ಪಾಪ ಎಂದು ನಂಬಿದ್ದ ಕಾಲ ಅದು. ಹಬ್ಬದ ಅಡುಗೆಯನ್ನು ಸಂತೆಗೆ ಇಟ್ಟರೆ ನೆಂಟರು ಉಗಿದು ಉಪ್ಪಿನಕಾಯಿ ಹಾಕುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಕೆ.ಆರ್. ಪೇಟೆ ಕಡೆಯವರು ಅಕ್ಕನನ್ನು ನೋಡಿ ಒಪ್ಪಿದ್ದರು, ಲಗ್ನ ಕಟ್ಟಿಸುವುದಷ್ಟೇ ಬಾಕಿ. ಸಂತೆಯಲ್ಲಿ ಒಲೆಯ ಮುಂದೆ ಕೂತ ಹೆಣ್ಣನ್ನು ಯಾರು ತಂದುಕೊಳ್ಳುತ್ತಾರೆ? ಕೊನೆಗೆ ಅಪ್ಪ ಒಂದು ಉಪಾಯ ಮಾಡಿದ. ಅಕ್ಕ ಕಮಾನು ಗಾಡಿಯೊಳಗೆ ಗೋಣಿತಾಟಿನ ಮರೆಯಲ್ಲಿ ಕೂತು ತಟ್ಟಬೇಕು, ಅಪ್ಪ ಹೊರಗೆ ಬೇಯಿಸಬೇಕು. ಯಾರಾದರೂ ಕೇಳಿದರೆ ಎಲ್ಲವನ್ನೂ ಮಾಡಿದ್ದು ಅವನೇ.

ಆ ಸಂತೆಯ ದಿನ ಕೋಳಿ ಕೂಗುವ ಮೊದಲೇ ಅಕ್ಕ ಬೇಳೆ ಬೇಯಿಸಿ, ಕಟ್ಟು ಬಸಿದು, ಬೆಲ್ಲ ಏಲಕ್ಕಿ ಹಾಕಿ ಒರಳಿನಲ್ಲಿ ಹೂರಣ ರುಬ್ಬಿದ್ದಳು. ಕಣಕ ಎಣ್ಣೆಯಲ್ಲಿ ನೆನೆದು ಬೆಣ್ಣೆಯ ಹಾಗಾಗಿತ್ತು. ಸಂತೆಮಾಳದ ಹುಣಸೆಮರದ ಕೆಳಗೆ ಗಾಡಿ ಬಿಟ್ಟು, ಮೂರು ಕಲ್ಲು ಹೂಡಿ, ಕಾವಲಿ ಇಟ್ಟೆವು. ಅಕ್ಕ ಬಾಳೆಲೆಯ ಮೇಲೆ ತಟ್ಟಿ ತಾಟಿನ ಸಂದಿಯಿಂದ ಕೈ ಚಾಚುತ್ತಿದ್ದಳು, ಅಪ್ಪ ಎಲೆಸಮೇತ ಕಾವಲಿಗೆ ಬೋರಲು ಹಾಕುತ್ತಿದ್ದ. ತುಪ್ಪ ಚುರ್ರೆಂದರೆ ಸಾಕು, ಮೆಣಸಿನಕಾಯಿ ಅಂಗಡಿಯವನೂ ತಿರುಗಿ ನೋಡುತ್ತಿದ್ದ. ಎತ್ತಿನ ಸಗಣಿ, ಒಣಮೆಣಸಿನ ಘಾಟು, ಹೊಗೆಸೊಪ್ಪು, ಇಷ್ಟೆಲ್ಲ ವಾಸನೆಯ ನಡುವೆ ಬೆಲ್ಲ ಏಲಕ್ಕಿಯ ಘಮ ದಾರಿ ಮಾಡಿಕೊಂಡು ಹೋಗುತ್ತಿತ್ತು. ನಾನು ಗಾಡಿಯ ಮೂಕಿಯ ಮೇಲೆ ಕೂತಿದ್ದೆ. ನನ್ನ ಕೆಲಸ ಹರಿದುಹೋದ ಒಬ್ಬಟ್ಟನ್ನೆಲ್ಲ ತಿನ್ನುವುದು. ಅಕ್ಕನ ಕೈಯಲ್ಲಿ ಒಬ್ಬಟ್ಟು ಹರಿಯುತ್ತಿರಲಿಲ್ಲ, ಅಪ್ಪ ಮಗುಚುವಾಗ ಹರಿಯುತ್ತಿತ್ತು. ಅವನಿಗೆ ದೇವರು ಒಳ್ಳೆಯದು ಮಾಡಲಿ.

ಜನ ಚಾಪೆಯ ಮೇಲೆ ಸಾಲಾಗಿ ಕೂತು ತಿಂದರು. ಯಾರನ್ನೂ ಎಬ್ಬಿಸಲಿಲ್ಲ, ಯಾರಿಗೂ ಲೋಟ ತೊಳೆ ಅನ್ನಲಿಲ್ಲ. ಅಷ್ಟರಲ್ಲಿ ಎತ್ತು ಕೊಳ್ಳಲು ಬಂದಿದ್ದ ಕೆ.ಆರ್. ಪೇಟೆಯ ಬೀಗರು, ಅಂದರೆ ಅಕ್ಕನಿಗೆ ಮಾವನಾಗಬೇಕಾದವರು, ನಾಲ್ಕು ಜನರ ಜೊತೆ ಅಲ್ಲಿಗೇ ಬಂದುಬಿಟ್ಟರು. ಅಪ್ಪನ ಮುಖ ಕಾವಲಿಗಿಂತ ಕಪ್ಪಾಯಿತು. ಬೀಗರು ಕೂತರು, ಒಂದು ತಿಂದರು, ಇನ್ನೊಂದು ಕೇಳಿದರು, ಮೂರನೆಯದಕ್ಕೆ ಎರಡು ಮಿಳ್ಳೆ ತುಪ್ಪ ಹಾಕಿಸಿಕೊಂಡರು. ಬೆರಳು ನೆಕ್ಕಿ ಆದ ಮೇಲೆ ಬಂತು ಪ್ರಶ್ನೆ.

"ಯಾರ್ ಮಾಡಿದ್ದು ಇದು?"

"ನಾನೇಯ" ಅಂದ ಅಪ್ಪ.

"ನೀನಾ? ಅಂಗಾದ್ರೆ ಬೇಳೆ ಕಟ್ಟ ಏನ್ ಮಾಡ್ದೆ?"

"ಕಟ್ಟಾ? ಬಚ್ಚಲಿಗೆ ಚೆಲ್ದೆ."

ಮಕ್ಕಳೇ, ಡಬ್ಬದಿಂದ ಒಬ್ಬಟ್ಟು ತೆಗೆದು ತಿನ್ನುವ ನಿಮಗೆ ಇದರಲ್ಲಿ ತಪ್ಪೇನು ಅನ್ನಿಸಬಹುದು. ಬೇಳೆ ಬೆಂದ ನೀರೇ ಕಟ್ಟು. ಅದಿಲ್ಲದೆ ಒಬ್ಬಟ್ಟಿನ ಸಾರಿಲ್ಲ, ಆ ಸಾರಿಲ್ಲದೆ ಹಬ್ಬವಿಲ್ಲ. ನಮ್ಮ ಸೀಮೆಯಲ್ಲಿ ಹಾಲು ಚೆಲ್ಲಿದವರನ್ನು ಕ್ಷಮಿಸಿಯಾರು, ಕಟ್ಟು ಚೆಲ್ಲಿದವರನ್ನಲ್ಲ. ಅಪ್ಪ ಜೀವಮಾನವಿಡೀ ಆ ಸಾರನ್ನು ಸೊರ್ರೆಂದು ಕುಡಿದವನು, ಆದರೆ ಅದು ಎಲ್ಲಿಂದ ಬರುತ್ತದೆ ಎಂದು ಒಂದು ದಿನವೂ ಅಡುಗೆಮನೆಗೆ ಇಣುಕಿ ನೋಡಿದವನಲ್ಲ. ಚಾಪೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೀಗರು ಮಾತ್ರ ನಗಲಿಲ್ಲ. ಗಾಡಿಯ ಗೋಣಿತಾಟಿನ ಕಡೆ ನೋಡಿದರು. "ಓಹೋ, ಮನೆ ಹೆಣ್ಮಗ್ಳ ಕೈಲಿ ತಟ್ಸಿ ಸಂತೇಲಿ ಮಾರ್‍ಕಂಡ್ ತಿಂತಾವ್ನೆ. ಇಂಥ ಮನೆಯಿಂದ ಹೆಣ್ಣು ತರಾದಾ?" ಎಂದು ಎದ್ದು ಮೀಸೆ ಒರೆಸಿಕೊಂಡರು. ಮೀಸೆಯಲ್ಲಿ ಇನ್ನೂ ನಮ್ಮ ತುಪ್ಪ ಇತ್ತು!

ತಾಟು ಸರಿಯಿತು. ಮೊಳಕೈವರೆಗೆ ಎಣ್ಣೆ, ಕೆನ್ನೆಯ ಮೇಲೆ ಕಣಕ, ಅಕ್ಕ ಗಾಡಿಯಿಂದ ಧುಮುಕಿ ಬೀಗರ ಎದುರಿಗೇ ನಿಂತಳು.

"ನಾನೇ ಕಣ್ರಯ್ಯ ಮಾಡಿದ್ದು. ಮೂರು ತಿಂದ್ರಲ್ಲ, ಕಹಿ ಇತ್ತಾ? ತಿನ್ನಾಕೆ ಒಬ್ಬಟ್ಟು ಬೇಕು, ತಟ್ಟಿದ ಕೈ ಬ್ಯಾಡ್ವಾ?"

ನನಗೆ ಅಳು ಬಂತು. ಅಪ್ಪ ಈಗ ಅವಳಿಗೆ ಹೊಡೆಯುತ್ತಾನೆ ಎಂದುಕೊಂಡೆ. ಅಪ್ಪ ಕೈಯಲ್ಲಿದ್ದ ಮಗುಚುವ ಸಟ್ಟುಗವನ್ನು ಒಂದು ಸಲ ನೋಡಿದ, ಅಕ್ಕನ ಮುಖ ನೋಡಿದ. ಆಮೇಲೆ ಅದನ್ನು ಅವಳ ಕೈಗೆ ಕೊಟ್ಟ. ಕೊಡಲಿ ಎತ್ತಿಕೊಂಡು ಸೌದೆಯ ಕಡೆ ಹೋಗಿ, ಇಡೀ ಸಂತೆಗೆ ಕೇಳುವ ಹಾಗೆ ಕೂಗಿದ.

"ನಾನ್ ಯೋಳಿದ್ದು ಸುಳ್ಳು ಕಣ್ರಪ್ಪ! ಎಲ್ಲಾ ನನ್ ಮಗ್ಳೇ ಮಾಡಿದ್ದು. ನಾನ್ ಬರೀ ಸೌದೆ ಒಡ್ದೋನು!"

ಸಂಬಂಧ ಮುರಿಯಿತು. ಬೀಗರು ಹೋದಲ್ಲೆಲ್ಲ ನಮ್ಮ ಮನೆಗೆ ಮಸಿ ಬಳಿದರು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ಎಷ್ಟೋ ದಿನ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡೇ ಬೇಳೆ ಆರಿಸುತ್ತಿದ್ದಳು. ಅಕ್ಕ ಮಾತ್ರ ಒಂದು ಸಂತೆಯನ್ನೂ ತಪ್ಪಿಸಲಿಲ್ಲ. ಮರದ ಕೆಳಗಿನ ಒಲೆಗೆ ಸೋಗೆಯ ಚಪ್ಪರ ಬಂತು, ಚಪ್ಪರ ಹೋಗಿ ಹೆಂಚಿನ ಮನೆಯಾಯಿತು. ಆ ಚಾಪೆಯ ಮೇಲೆ ಕೂತು ತಿಂದವರ ಪೈಕಿ ನಾಗಮಂಗಲದ ಹತ್ತಿರದ ಹೊಣಕೆರೆ ಕಡೆಯವರೊಬ್ಬರಿದ್ದರು. ಇಂಥ ಹೆಣ್ಣೇ ನಮಗೆ ಬೇಕು ಎಂದು ಅವರೇ ಕೇಳಿಕೊಂಡು ಬಂದು ಮಗನಿಗೆ ತಂದುಕೊಂಡರು. ಹಾಗೆ ನಾಗಮಂಗಲದ ಹೋಟೆಲು ಶುರುವಾಯಿತು. ಇಲ್ಲಿ ಪಾಂಡವಪುರದ್ದನ್ನು ನಾನು ನೋಡಿಕೊಂಡೆ, ಆಮೇಲೆ ನಿಮಿಷಾಂಬೆ ಗುಡಿಗೆ ಬರುವವರಿಗೆಂದು ಗಂಜಾಂನಲ್ಲಿ ಇನ್ನೊಂದು ತೆರೆದೆವು. ಅಪ್ಪ ಸಾಯುವವರೆಗೂ, ಯಾರಾದರೂ ಹೋಟೆಲು ಯಾರದು ಎಂದು ಕೇಳಿದರೆ ಮಗಳದು ಅನ್ನುತ್ತಿದ್ದ.

ಈಗ ಬೋರ್ಡಿನ ವಿಷಯಕ್ಕೆ ಬರುತ್ತೇನೆ. ಕೆ.ಆರ್. ಪೇಟೆಯ ಹೋಟೆಲು ತೆರೆದ ದಿನ ಅಕ್ಕ ಬಸ್ಸಿನಲ್ಲಿ ಬಂದಿದ್ದಳು, ನೆನಪಿದೆಯಾ? ಮುಂದಿನ ಕುರ್ಚಿಗಳಲ್ಲಿ ಯಾರು ಯಾರೋ ದೊಡ್ಡವರು ಕೂತಿದ್ದರು. ಅವಳನ್ನು ಒಳಗೆ, ಗೋಡಂಬಿ ಚೀಲದ ಪಕ್ಕ ಕೂರಿಸಿದ್ದರು. ಕೈ ಕೆಸರಾದವಳು ಒಳಗೆ, ಬಾಯಿ ಮೊಸರಾದವರು ಹೊರಗೆ. ಪಾರ್ಸಲ್ ಡಬ್ಬದ ಮೇಲೆ ತುಟಿಗೆ ಬಣ್ಣ ಬಳಿದ ಯಾವಳೋ ಒಬ್ಬಳ ಚಿತ್ರ. ಅವಳು ಒಂದು ಗಳಿಗೆಯಾದರೂ ಒಲೆಯ ಹೊಗೆ ಕುಡಿದಿದ್ದಾಳಾ? ನಿಮ್ಮಪ್ಪನನ್ನು ಕೇಳಿದರೆ, ಅತ್ತೆಯ ಹಳೇ ಫೋಟೋ ಒಂದೂ ಇಲ್ಲ, ತಾತನದ್ದು ರುಮಾಲು ಗಿಮಾಲು ಇದ್ದು ಚೆನ್ನಾಗಿ ಕಾಣುತ್ತದೆ ಅನ್ನುತ್ತಾನೆ. ಫೋಟೋ ಇರುವುದು ಹೇಗೆ? ಅಪ್ಪನನ್ನು ಸ್ಟುಡಿಯೋದಲ್ಲಿ ಕೂರಿಸಿ ಫೋಟೋ ತೆಗೆಸಿದ ದಿನ ಅವಳು ಹೂರಣ ರುಬ್ಬುತ್ತಿದ್ದಳು!

ನಾನು ಅವಳ ಕೈ ಹಿಡಿದು ಹೊರಗೆ ಕರೆತಂದೆ. ಅವಳಿಗೆ ಓದಲು ಬರುವುದಿಲ್ಲ, ಬೋರ್ಡನ್ನು ನಾನೇ ಓದಿ ಹೇಳಿದೆ. ಅಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ಅಪ್ಪನ ಪಟವನ್ನು ನೋಡಿದಳು. ಆಮೇಲೆ ಬೊಚ್ಚು ಬಾಯಿ ತೆರೆದು ನಕ್ಕಳು.

"ನೋಡ್ಲಾ, ಅಪ್ಪ ಇನ್ನೂ ಅದೇ ಸುಳ್ಳ ಯೋಳ್ತಾವ್ನೆ!"

ಅವಳಿಗೆ ನಗು ಬಂತು, ನನಗೆ ಬರಲಿಲ್ಲ. ನೀವು ಪುಣ್ಯವಂತರು. ಕೇಬಲ್ ಟೀವಿಯ ಮುಂದೆ ಕೂತು, ಬೇಕೆಂದಾಗ ಡಬ್ಬ ತೆರೆದು ಒಬ್ಬಟ್ಟು ತಿನ್ನುತ್ತೀರಿ. ನಿಮ್ಮನ್ನು ಯಾವ ಹೋಟೆಲಿನ ಜಗುಲಿಯ ಮೇಲೂ ಯಾರೂ ಕೂರಿಸುವುದಿಲ್ಲ. ಚೆನ್ನಾಗಿ ತಿನ್ನಿ, ಅದಕ್ಕೆಂದೇ ಅವಳು ಅಂದು ಒಲೆ ಹೂಡಿದ್ದು. ಆದರೆ ನಮ್ಮ ಕಾಲದಲ್ಲಿ ಅಕ್ಕನನ್ನು ಮರೆಮಾಡಲು ಒಂದು ಹರಕು ಗೋಣಿತಾಟು ಇತ್ತು, ಅದನ್ನು ಅವಳೇ ಸರಿಸಿ ಬಂದಳು. ನಿಮ್ಮ ಕಾಲದಲ್ಲಿ ದೀಪ ಹಾಕಿ ಮರೆಮಾಡಿದ್ದಾರೆ, ಅಷ್ಟು ಎತ್ತರಕ್ಕೆ ಅವಳ ಕೈ ಎಟುಕುವುದಿಲ್ಲ.

ನಿಮ್ಮಪ್ಪ ಹೋಟೆಲಿನಿಂದ ಬಂದ ಕೂಡಲೇ ಇದನ್ನೆಲ್ಲ ಅವನಿಗೂ ಹೇಳಿ. ನನ್ನ ಅಪ್ಪ ಆ ಸುಳ್ಳು ಹೇಳಿದ್ದು ಮಗಳ ಮದುವೆ ನಿಲ್ಲಬಾರದು ಎಂದು. ಆದರೂ ಸಂತೆ ಮುಗಿಯುವ ಮೊದಲೇ, ಎಲ್ಲರ ಎದುರಿಗೆ ಕೂಗಿ ಅದನ್ನು ವಾಪಸು ತೆಗೆದುಕೊಂಡ. ನಿಮ್ಮ ಅಪ್ಪ ಯಾವಾಗ ತೆಗೆದುಕೊಳ್ಳುತ್ತಾನೆ, ಕೇಳಿ.